ಫ್ರೆಡ್ಡಿ ಮರ್ಕ್ಯುರಿ ಸೋಲೋ ಆಲ್ಬಮ್ ಬಗ್ಗೆ ನಿಮಗೂ ಹೀಗೇ ಅನ್ಸುತ್ತಾ?

ಪ್ರಶ್ನೆ:
ಕ್ವೀನ್ ರಾಕ್ ಬ್ಯಾಂಡ್ ಅಂದ್ರೆ ನಂಗೆ ಮೊದ್ಲಿಂದ್ಲೂ ಪ್ರಾಣ, ಆದ್ರೆ ಅದರ ಗಾಯಕ ಫ್ರೆಡ್ಡಿ ಒಬ್ನೇ ಮಾಡಿದ 1985ರ ಸೋಲೋ ಆಲ್ಬಮ್ 'ಮಿಸ್ಟರ್ ಬ್ಯಾಡ್ ಗೈ' ಹಾಕ್ದಾಗೆಲ್ಲ ಮನಸ್ಸು ಎರಡಾಗುತ್ತೆ. ದನಿ ಬಗ್ಗೆ ಎರಡು ಮಾತಿಲ್ಲ, ಎಲ್ಲಾ ಹಾಡೂ ಅವ್ನೇ ಬರ್ದಿರೋದು, ಅದೂ ಖುಷಿನೇ, ಆದ್ರೆ ಆ ಸಿಂಥಸೈಜರ್, ಡ್ರಮ್ ಮಷೀನ್ ಸದ್ದಲ್ಲಿ ಕ್ವೀನ್ ಗಿಟಾರಿಸ್ಟ್ ಬ್ರಯಾನ್ ಮೇ ಗಿಟಾರ್ ಬರ್ಬೇಕಾದ ಜಾಗ ಖಾಲಿ ಖಾಲಿ ಅನ್ಸುತ್ತೆ. ನಿಮಗೆ?

ಉತ್ತರ:
ಗುರು, ಅದು ರಾಕ್ ಆಲ್ಬಮ್ಮೇ ಅಲ್ಲ, ಮ್ಯೂನಿಕ್‌ನಲ್ಲಿ ಕೂತು ಡಾನ್ಸ್ ಮ್ಯೂಸಿಕ್ ಗುಂಗಲ್ಲಿ ಮಾಡಿದ್ದು. ಟೈಟಲ್ ಹಾಡಲ್ಲಿ ಆರ್ಕೆಸ್ಟ್ರಾ ಮೇಲೆ ಅವ್ನು ದನಿ ಏರಿಸ್ತಾನಲ್ಲ, ಅದು ಬ್ಯಾಂಡಲ್ಲಿ ಇದ್ದಿದ್ರೆ ಆಗ್ತಿತ್ತಾ? ನಂಗಂತೂ ಡೌಟು.

ಉತ್ತರ:
ಪ್ರಶ್ನೆ ಕೇಳಿದವ್ರ ಕಡೆ ನಾನು. ಈ ಆಲ್ಬಮ್ಮಿನ 'ಐ ವಾಸ್ ಬಾರ್ನ್ ಟು ಲವ್ ಯೂ' ಹಾಡಿನ ಎರಡೂ ವರ್ಷನ್, ಫ್ರೆಡ್ಡಿದು ಮತ್ತೆ ಕ್ವೀನ್‌ದು, ಒಂದರ ಹಿಂದೆ ಒಂದು ಕೇಳಿ. ಫ್ರೆಡ್ಡಿ ತೀರ್ಕೊಂಡ ಮೇಲೆ ಬ್ಯಾಂಡಿನ ಉಳಿದ ಮೂವರೂ ಅವ್ನ ಹಳೇ ದನಿಗೇ ಗಿಟಾರು, ಡ್ರಮ್ಸು ಹೊಸ್ದಾಗಿ ನುಡಿಸಿ 1995ರ ಕ್ವೀನ್ ಆಲ್ಬಮ್ 'ಮೇಡ್ ಇನ್ ಹೆವೆನ್'ಗೆ ಹಾಕಿದ್ರು. ಅದೇ ಗಂಟಲು, ಆದ್ರೆ ಹಾಡಿಗೆ ಬೆನ್ನೆಲುಬು ಬಂದಿದೆ. 2019ರಲ್ಲಿ ಸೋಲೋ ಆಲ್ಬಮ್ಮಿಗೂ ಹೊಸ ಮಿಕ್ಸ್ ಬಂತು, ಸಿಕ್ರೆ ಹೆಡ್‌ಫೋನ್ ಹಾಕಿ ಕೇಳಿ.

ಪ್ರಶ್ನೆ ಕೇಳಿದವರು:
95ರದ್ದು ನಂಗೂ ತುಂಬಾ ಇಷ್ಟ ಸರ್, ಆದ್ರೆ ಹಳೇದ್ರಲ್ಲಿ ಅವ್ನೊಬ್ನೇ ಮನಸ್ಸಿಗೆ ಬಂದಂಗೆ ಆಡ್ಕೊಂಡು ಹಾಡಿದಾನಲ್ಲ, ಅದನ್ನೂ ಬಿಟ್ಕೊಡೋಕಾಗಲ್ಲ. ಹೊಸ ಮಿಕ್ಸ್ ಇವತ್ತೇ ಕೇಳ್ತೀನಿ.