ಪವರ್ ವಿಂಡೋ ಏರಿಸುವಾಗ ಕಿರ್ರೆಂಬ ಸದ್ದು: ಮೋಟರ್ ಬದಲಿಸಲೇಬೇಕೆ?

ಪ್ರಶ್ನೆ – ವಿರಾಜಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೆಯ ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಚಾಲಕನ ಬದಿಯ ಗಾಜನ್ನು ಏರಿಸುವಾಗ ಈ ಮಳೆಗಾಲದ ಕೊನೆಯಿಂದ ಕಿರ್ರೆಂಬ ಜೋರಾದ ಸದ್ದು ಬರುತ್ತಿದ್ದು, ಮುಕ್ಕಾಲು ಭಾಗ ಏರಿದ ಮೇಲೆ ಗಾಜು ತೀರಾ ನಿಧಾನವಾಗುತ್ತದೆ. ಇಳಿಸುವಾಗ ಅಷ್ಟು ಸದ್ದಿಲ್ಲ. ಮಳೆಯಲ್ಲಿ ಗಾಜು ಒದ್ದೆಯಾಗಿದ್ದರೆ ಸದ್ದು ಬಹುಮಟ್ಟಿಗೆ ಅಡಗುತ್ತದೆ. ಗ್ಯಾರೇಜಿನವರು ಬಾಗಿಲು ಬಿಚ್ಚಿ ನೋಡದೆಯೇ ಮೋಟರ್ ಮತ್ತು ರೆಗ್ಯುಲೇಟರ್ (ಬಾಗಿಲಿನೊಳಗೆ ಗಾಜನ್ನು ಹಿಡಿದು ಏರಿಸಿ ಇಳಿಸುವ ಭಾಗ) ಎರಡನ್ನೂ ಬದಲಿಸಬೇಕು ಎಂದಿದ್ದಾರೆ. ಅಷ್ಟು ಖರ್ಚು ಮಾಡುವ ಮೊದಲು ದೋಷ ಎಲ್ಲಿದೆಯೆಂದು ತಿಳಿಯುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ – ಮಡಿಕೇರಿಯಿಂದ

ಗಾಜು ಒದ್ದೆಯಾದಾಗ ಸದ್ದು ಅಡಗುತ್ತದೆ ಎಂದು ನೀವೇ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ ಸುಳಿವು. ಮೋಟರ್ ಕೆಟ್ಟಿದ್ದರೆ ಗಾಜಿನ ಮೇಲಿನ ನೀರಿನಿಂದ ಅದರ ಸದ್ದು ಕಡಿಮೆಯಾಗುವುದಿಲ್ಲ. ಗಾಜಿನ ಎರಡೂ ಅಂಚುಗಳು ಚೌಕಟ್ಟಿನೊಳಗಿನ ರಬ್ಬರ್ ಚಾನೆಲ್‌ನಲ್ಲಿ ಜಾರುತ್ತವೆ, ಆ ಚಾನೆಲ್‌ನ ಒಳಮೈಯಲ್ಲಿ ಮಖಮಲ್ಲಿನಂಥ ನುಣುಪಾದ ಪದರವಿರುತ್ತದೆ. ನಮ್ಮ ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಕೆಳಗೆ ನಿಂತ ಕಾರಿನ ರಬ್ಬರಿನಲ್ಲಿ ಪಾಚಿ ಬೆಳೆಯುವುದು ಎಲ್ಲರೂ ಕಂಡದ್ದೇ. ಅದರ ಮೇಲೆ ತೋಟದ ರಸ್ತೆಯ ಕೆಂಪು ಧೂಳು ಕೂತು ಒಣಗಿದರೆ ಗಾಜು ಜಾರುವ ಬದಲು ಉಜ್ಜಿಕೊಂಡು ಏರುತ್ತದೆ.

ಗಾಜನ್ನು ಪೂರ್ತಿ ಇಳಿಸಿ, ಪ್ಲಾಸ್ಟಿಕ್ ಸ್ಕೇಲಿಗೆ ತೆಳುವಾದ ಹತ್ತಿಬಟ್ಟೆ ಸುತ್ತಿ, ಸೋಪಿನ ನೀರಿನಲ್ಲಿ ಅದ್ದಿ ಚಾನೆಲ್‌ನೊಳಗೆ ಮೇಲಿನಿಂದ ಕೆಳಗಿನವರೆಗೆ ಒರೆಸಿ. ಬಟ್ಟೆಗೆ ಕಪ್ಪು ಮಿಶ್ರಿತ ಹಸಿರು ಕೆಸರು ಅಂಟುವುದು ನಿಲ್ಲುವವರೆಗೂ ಬಿಡಬೇಡಿ. ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದು ಗಾಜನ್ನು ಕೆಲವು ಬಾರಿ ಏರಿಸಿ ಇಳಿಸಿ. ಎಂಜಿನ್ ಆಯಿಲ್, ಗ್ರೀಸ್ ಮೊದಲಾದವನ್ನು ರಬ್ಬರಿಗೆ ದಯವಿಟ್ಟು ಹಚ್ಚಬೇಡಿ. ಪೆಟ್ರೋಲಿಯಂ ಎಣ್ಣೆಗೆ ರಬ್ಬರ್ ಉಬ್ಬುತ್ತದೆ, ಧೂಳೂ ಅಂಟುತ್ತದೆ.

ಉತ್ತರ – ಕುಶಾಲನಗರದಿಂದ, ವಾಹನ ದುರಸ್ತಿ ನನ್ನ ವೃತ್ತಿ

ಮೇಲಿನವರ ಮಾತು ಸರಿಯಾಗಿದೆ. ಕಿರ್ರೆನ್ನುವುದು ಸಾಮಾನ್ಯವಾಗಿ ರಬ್ಬರಿನ ಸದ್ದು. ಬಾಗಿಲಿನೊಳಗಿನಿಂದ ಕಟಕಟ ಎಂದು ಕೇಳಿ, ಗಾಜು ಒಂದು ಕಡೆಗೆ ವಾಲುತ್ತಿದ್ದರೆ ಮಾತ್ರ ರೆಗ್ಯುಲೇಟರಿನ ಕೇಬಲ್ ಎಳೆ ಬಿಟ್ಟಿದೆ ಅಥವಾ ಗಾಜನ್ನು ಹಿಡಿಯುವ ಪ್ಲಾಸ್ಟಿಕ್ ತುಂಡು ಒಡೆದಿದೆ ಎಂದು ಅನುಮಾನಿಸಬೇಕು. ಗಾಜು ನಿಧಾನವಾಗುವ ಬಗ್ಗೆ ಒಂದು ಪರೀಕ್ಷೆ ಮಾಡಿ: ಎಂಜಿನ್ ಚಾಲೂ ಇದ್ದಾಗಲೂ ಅದೇ ಜಾಗದಲ್ಲಿ ನಿಧಾನವಾದರೆ ಬ್ಯಾಟರಿಯ ದೋಷವಲ್ಲ, ಅಲ್ಲಿ ಏನೋ ತಡೆಯಿದೆ.

ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಲೇಬೇಕಾಗಿ ಬಂದರೆ, ಒಳಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಹರಿಯಲು ಬಿಡಬೇಡಿ. ಗಾಜಿನ ಬುಡದಲ್ಲಿ ಹೊರಗಿರುವ ರಬ್ಬರ್ ಪಟ್ಟಿ (ಬೀಡಿಂಗ್) ದಾಟಿ ಬಾಗಿಲಿನೊಳಗೆ ಸ್ವಲ್ಪ ಮಳೆನೀರು ಇಳಿಯುವುದು ಸಹಜವೇ ಆಗಿದ್ದು, ಆ ಹಾಳೆ ಅದನ್ನು ಸೀಟಿನ ಕಡೆಗೆ ಬಾರದಂತೆ ತಡೆದು ಬಾಗಿಲಿನ ತಳದ ರಂಧ್ರಗಳಿಂದ ಹೊರಗೆ ಹೋಗುವಂತೆ ಮಾಡುತ್ತದೆ. ನಮ್ಮ ಕಡೆಯ ಕಾರುಗಳಲ್ಲಿ ಆ ರಂಧ್ರಗಳು ಎಲೆ, ಮಣ್ಣಿನಿಂದ ಮುಚ್ಚಿಹೋಗಿರುತ್ತವೆ, ಅವನ್ನೂ ಬಿಡಿಸಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದೇ ಕೆಲಸ ಆರಂಭಿಸಿ, ಗಾಜಿನ ಬೋಲ್ಟ್ ಸಡಿಲಿಸುವ ಮೊದಲು ಗಾಜನ್ನು ಟೇಪಿನಿಂದ ಚೌಕಟ್ಟಿಗೆ ಬಿಗಿಯಿರಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಚಾನೆಲ್ ಒರೆಸಿದ ಮೇಲೆ ಸದ್ದು ನಿಂತಿದೆ. ಆದರೆ ಮೇಲ್ಭಾಗದಲ್ಲಿ ಗಾಜು ಈಗಲೂ ತುಸು ನಿಧಾನವೇ. ಟಾರ್ಚ್ ಹಿಡಿದು ನೋಡಿದಾಗ ಹಿಂಬದಿಯ ಮೂಲೆಯಲ್ಲಿ ರಬ್ಬರಿನ ಅಂಚು ತಾನು ಕೂರುವ ಸೀಳಿನಿಂದ ಎದ್ದು ಒಳಕ್ಕೆ ಮಡಚಿಕೊಂಡಿರುವುದು ಕಂಡಿತು.

ಉತ್ತರ – ಕುಶಾಲನಗರದಿಂದ

ಹಾಗಾದರೆ ತಡೆ ಅದೇ. ಬೆರಳಿನಿಂದ ಒತ್ತಿ ಅದನ್ನು ಸ್ವಸ್ಥಾನದಲ್ಲಿ ಕೂರಿಸಿ. ಮತ್ತೆ ಏಳುತ್ತಿದ್ದರೆ ಆ ಬಾಗಿಲಿನ ರಬ್ಬರ್ ಚಾನೆಲ್ ಒಂದನ್ನೇ ಬದಲಿಸಿದರೆ ಸಾಕು, ಮೋಟರನ್ನು ಮುಟ್ಟುವ ಅಗತ್ಯವಿಲ್ಲ.