ದೂರದ ಕಯಾಕ್ ಸ್ಪರ್ಧೆಗೆ ಹೊಸಬರನ್ನು ಬರಮಾಡಿಕೊಳ್ಳುವುದು ಹೇಗೆ? ಸ್ವರ್ಣಾ ತೀರದ ಪ್ರಶ್ನೆಗೆ ಮೂರು ಉತ್ತರಗಳು

ಪ್ರಶ್ನೆ, ಕಲ್ಯಾಣಪುರದಿಂದ

ಮಳೆ ಹಿಂದೆ ಸರಿದು ಸ್ವರ್ಣಾ ನದಿಯ ಕೆಂಪು ನೀರು ತಿಳಿಯಾಗುತ್ತಿದೆ. ನಮ್ಮ ಸಣ್ಣ ಬಳಗವು ಈ ಋತುವಿನಲ್ಲಿ ಮ್ಯಾರಥಾನ್ ಕಯಾಕ್ (ಎರಡು ಅಲಗಿನ ಹುಟ್ಟಿನ ಕಿರಿದಾದ ದೋಣಿ) ಮತ್ತು ಕೆನೂ (ಒಂದೇ ಅಲಗಿನ ಹುಟ್ಟಿನದು) ಸ್ಪರ್ಧೆಗಳನ್ನು ತಿಂಗಳಿಗೊಂದರಂತೆ ನಡೆಸಬೇಕೆಂದಿದೆ. ಕಾಲೇಜು ವಿದ್ಯಾರ್ಥಿಗಳು, ನಿವೃತ್ತ ಬ್ಯಾಂಕ್ ನೌಕರರು, ಮೀನುಗಾರ ಕುಟುಂಬಗಳ ಯುವಕರು ಹೆಸರು ಕೊಟ್ಟಿದ್ದಾರೆ. ಇವರಲ್ಲಿ ಹೆಚ್ಚಿನವರು ದೂರದ ಸ್ಪರ್ಧೆಯನ್ನು ಕಂಡವರಲ್ಲ. ಮೊದಲ ಸ್ಪರ್ಧೆಗೆ ಬಂದವರು ಎರಡನೆಯದಕ್ಕೂ ಬರುವಂತೆ ಮಾಡಲು ಏನು ಮಾಡಬೇಕೆಂದು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ, ಮೂಲ್ಕಿಯಿಂದ

ಮಾನ್ಯರೇ, ಶಾಂಭವಿ ನದಿಯಲ್ಲಿ ಹಲವು ಋತುಗಳಿಂದ ಹೊಸಬರ ಜೊತೆ ಹುಟ್ಟು ಹಾಕುತ್ತಿರುವ ನನಗೆ ತೋಚುವುದೆಂದರೆ, ಜನರು ಮರಳಿ ಬಾರದಿರುವುದಕ್ಕೆ ಮೈಕೈ ನೋವಿಗಿಂತಲೂ ದೊಡ್ಡ ಕಾರಣ, ಆರಂಭವಾದ ಐದೇ ನಿಮಿಷಗಳಲ್ಲಿ ಉಳಿದವರೆಲ್ಲ ಕಣ್ಮರೆಯಾಗಿ ತಾವೊಬ್ಬರೇ ನದಿಯ ನಡುವೆ ಉಳಿದುಬಿಡುವುದು. ಆದ್ದರಿಂದ ಸಮಾನ ವೇಗದವರು ಒಟ್ಟಿಗೆ ಹೊರಡುವ ವ್ಯವಸ್ಥೆಯನ್ನು ಎಲ್ಲಕ್ಕಿಂತ ಮೊದಲು ಮಾಡಿಕೊಳ್ಳಿ.

ಇದಕ್ಕೆ ಬ್ರಿಟನ್ನಿನ ಹ್ಯಾಸ್ಲರ್ ಎಂಬ ಮ್ಯಾರಥಾನ್ ಕಯಾಕ್ ಸ್ಪರ್ಧೆಗಳ ಸರಣಿಯ ಕ್ರಮವನ್ನು ನೋಡಬಹುದು. ಅಲ್ಲಿ ಸ್ಪರ್ಧಿಗಳನ್ನು ಅವರ ವೇಗಕ್ಕೆ ತಕ್ಕಂತೆ ಒಂಬತ್ತು ವಿಭಾಗಗಳಾಗಿ ಹಂಚುತ್ತಾರೆ. ಕೆಳಗಿನ ಮೂರು ವಿಭಾಗಗಳವರಿಗೆ ಸುಮಾರು 4 ಮೈಲಿ, ನಡುವಿನ ಮೂರಕ್ಕೆ 8 ಮೈಲಿ, ಮೇಲಿನ ಮೂರಕ್ಕೆ 12 ಮೈಲಿ ದೂರವಿರುತ್ತದೆ. ಒಳ್ಳೆಯ ಸಮಯ ತೋರಿದವರು ಮೇಲಿನ ವಿಭಾಗಕ್ಕೆ ಏರುತ್ತಾರೆ. ಹೀಗಾಗಿ ಹದಿನೈದರ ಹುಡುಗಿಯೂ ಅರವತ್ತರ ಹಿರಿಯರೂ ಪಕ್ಕಪಕ್ಕದಲ್ಲಿ ನಿಂತು ನಿಜವಾದ ಪೈಪೋಟಿ ಮಾಡಲು ಸಾಧ್ಯವಾಗುತ್ತದೆ, ಮತ್ತು ಕೊನೆಯ ಸ್ಥಾನದವರಿಗೂ ತಮ್ಮ ಮುಂದಿನವರು ಕಣ್ಣಳತೆಯಲ್ಲೇ ಇರುತ್ತಾರೆ.

ಸಾಹಸದ ಕಥೆಗಳಿಗೆ ಮರುಳಾಗಿ ಮೊದಲ ಸ್ಪರ್ಧೆಯನ್ನೇ ಉದ್ದ ಮಾಡಬೇಡಿ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನಿಂದ ಡರ್ಬನ್‌ವರೆಗಿನ ಡೂಸಿ ಮ್ಯಾರಥಾನ್ ಇಂದು ಸಾವಿರಾರು ಜನರ ಹಬ್ಬ. ಆದರೆ 1951ರಲ್ಲಿ ಅದು ಮೊದಲ ಬಾರಿ ನಡೆದಾಗ ಹೊರಟ ಎಂಟು ಮಂದಿಯಲ್ಲಿ ಗುರಿ ಮುಟ್ಟಿದವರು ಇಯಾನ್ ಪ್ಲೇಯರ್ ಒಬ್ಬರೇ. ಅವರಿಗೂ ದಾರಿಯಲ್ಲಿ ಹಾವು ಕಚ್ಚಿತ್ತು. ಕೇಳಲು ಸೊಗಸಾದ ಕಥೆ, ನಿವೃತ್ತ ಬ್ಯಾಂಕ್ ನೌಕರರನ್ನು ಆಹ್ವಾನಿಸಲು ತಕ್ಕ ಮಾದರಿಯಲ್ಲ. ಈಗ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿಯೇ ಸುಮಾರು 30 ಕಿ.ಮೀ. ದೂರದ ಸ್ಪರ್ಧೆಯ ಜೊತೆಗೆ ಮೂರೂವರೆ ಕಿ.ಮೀ. ಆಸುಪಾಸಿನ ಕಿರು ಸ್ಪರ್ಧೆಯೂ 2019ರಿಂದ ಇದೆ. ನೀವು ಐದಾರು ಕಿ.ಮೀ.ಗಿಂತ ಹೆಚ್ಚು ಇಟ್ಟುಕೊಳ್ಳಬೇಕಾಗಿಲ್ಲ.

ಇನ್ನೊಂದು ಸಂಗತಿಯನ್ನು ಮೊದಲ ದಿನವೇ ಕಲಿಸಿ: ಅಲೆಯ ಮೇಲೆ ಕೂರುವುದು. ಮುಂದಿನ ದೋಣಿ ನೀರನ್ನು ಸೀಳುವಾಗ ಅದರ ಇಕ್ಕೆಲಗಳಲ್ಲಿ ಓರೆಯಾಗಿ ಅಲೆಗಳು ಏಳುತ್ತವೆ. ನಮ್ಮ ದೋಣಿಯ ಮೂತಿಯನ್ನು ಮುಂದಿನವರ ಆಸನದ ಹತ್ತಿರಕ್ಕೆ ತಂದು, ಆ ಅಲೆಯ ಇಳಿಜಾರಿನಲ್ಲಿ ನೆಲೆಗೊಂಡರೆ, ಅದೇ ವೇಗವನ್ನು ಗಮನಾರ್ಹವಾಗಿ ಕಡಿಮೆ ಶ್ರಮದಿಂದ ಉಳಿಸಿಕೊಳ್ಳಬಹುದು. ಅನುಭವಿಗಳು ಸ್ಪರ್ಧೆಯುದ್ದಕ್ಕೂ ಸರದಿಯಂತೆ ಮುಂದೆ ಬಂದು ಈ ಭಾರವನ್ನು ಹಂಚಿಕೊಳ್ಳುತ್ತಾರೆ. ಹೊಸಬರು ಸಂಕೋಚದಿಂದ ದೂರ ಸರಿದು ಹೋಗುತ್ತಾರೆ. ಹತ್ತಿರ ಬರುವುದು ನಿಯಮಕ್ಕೆ ವಿರುದ್ಧವಲ್ಲ, ಅದೇ ಈ ಆಟದ ಜಾಣತನ ಎಂದು ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತದೆ. ಪ್ರತಿ ಹೊಸ ಗುಂಪಿನ ಮುಂದೆ ಒಬ್ಬ ಹಳಬರನ್ನು ನಿಧಾನವಾಗಿ ಹೋಗುವಂತೆ ನೇಮಿಸಿ, ತಮ್ಮ ಅಲೆಯ ಮೇಲೆ ಇವರನ್ನು ಕರೆದೊಯ್ಯುವಂತೆ ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ಉತ್ತರ, ಮಂಗಳೂರಿನಿಂದ

ಮೂಲ್ಕಿಯವರ ಮಾತನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಇಪ್ಪತ್ತು ಮೂವತ್ತು ಮಂದಿ ಸೇರುವಲ್ಲಿ ಒಂಬತ್ತು ವಿಭಾಗಗಳನ್ನು ಮಾಡಿದರೆ ಸ್ಪರ್ಧಿಗಳಿಗಿಂತ ಪದಕಗಳೇ ಹೆಚ್ಚಾಗುತ್ತವೆ. ಮೂರು ಸಾಕು.

ದೋಣಿಯ ಆಯ್ಕೆಯ ಬಗ್ಗೆ ಯಾರೂ ಹೇಳಲಿಲ್ಲ. ಒಬ್ಬರ ಸ್ಪರ್ಧಾ ಕಯಾಕ್, ಅಂದರೆ ಕೆ-1, ಗರಿಷ್ಠ 5.20 ಮೀಟರ್ ಉದ್ದವಿರುತ್ತದೆ. ನೇರ ಓಟದ ಸ್ಪ್ರಿಂಟ್‌ನಲ್ಲಿ ಅದರ ಕನಿಷ್ಠ ತೂಕ 12 ಕೆ.ಜಿ. ಇರಬೇಕಾದರೆ, ಮ್ಯಾರಥಾನ್‌ನಲ್ಲಿ 8 ಕೆ.ಜಿ. ಇದ್ದರೂ ಸಾಕು, ಇಲ್ಲಿ ದೋಣಿಯನ್ನು ಎತ್ತಿಕೊಂಡು ಓಡುವ ಹಂತಗಳಿವೆ ಎಂಬುದನ್ನು ನೆನೆದರೆ ಈ ವ್ಯತ್ಯಾಸ ಅರ್ಥವಾಗುತ್ತದೆ. ಇಷ್ಟು ಕಿರಿದಾದ ದೋಣಿ, ಕುಳಿತವರು ಉಸಿರು ಬಿಗಿಹಿಡಿದರೂ ಮಗುಚುತ್ತದೆ. ಅದನ್ನು ಹೊಸಬರಿಗೆ ಕೊಟ್ಟು ಮೂರು ಬಾರಿ ನೀರಿಗೆ ಬೀಳಿಸಿ, ಕೊನೆಗೆ ಅವರಲ್ಲಿ ಛಲ ಕಡಿಮೆ ಎನ್ನುವುದು ನ್ಯಾಯವಲ್ಲ. ಅಗಲವಾದ, ಸ್ಥಿರವಾದ ಪ್ರವಾಸಿ ಕಯಾಕ್‌ನಲ್ಲಿ ಆರಂಭಿಸಲಿ. ಅದಕ್ಕಿಂತಲೂ ಉತ್ತಮ ಮಾರ್ಗ ಇಬ್ಬರ ದೋಣಿ: ಹಳಬರು ಮುಂದೆ ಕುಳಿತು ಕಾಲಿನಿಂದ ಚುಕ್ಕಾಣಿಯನ್ನೂ ಕೈಯಿಂದ ಲಯವನ್ನೂ ನೋಡಿಕೊಂಡರೆ, ಹಿಂದೆ ಕುಳಿತ ಹೊಸಬರಿಗೆ ಉಳಿಯುವುದು ಆ ಲಯವನ್ನು ಅನುಸರಿಸುವ ಒಂದೇ ಕೆಲಸ. ಗುರುಪುರ ನದಿಯಲ್ಲಿ ನಾವು ಹೀಗೆ ಕೂರಿಸಿದವರು ಹೆಚ್ಚಾಗಿ ಉಳಿದುಕೊಂಡಿದ್ದಾರೆ.

ದೋಣಿ ಹೊರುವುದನ್ನು ಇಂಗ್ಲೆಂಡಿನ ಡಿವೈಜಸ್–ವೆಸ್ಟ್‌ಮಿನ್‌ಸ್ಟರ್ ಸ್ಪರ್ಧೆಯಲ್ಲಿ ನೋಡಬೇಕು: 125 ಮೈಲಿ ದಾರಿಯಲ್ಲಿ 77 ಬಾರಿ ದಡಕ್ಕೆ ಹತ್ತಿ, ದೋಣಿಯನ್ನು ಹೊತ್ತು, ಮತ್ತೆ ಇಳಿಯಬೇಕು. ನಿಮಗೆ ಒಂದು ಸಾಕು, ಆದರೆ ಅದನ್ನು ನೆಲದ ಮೇಲೆ ಮೊದಲು ಅಭ್ಯಾಸ ಮಾಡಿಸಿ. ಇಬ್ಬರ ದೋಣಿಯಲ್ಲಿ ಮೊದಲು ಯಾರು ಇಳಿಯುವುದು, ಯಾರು ಯಾವ ತುದಿ ಹಿಡಿಯುವುದು ಎಂಬುದು ದಡ ಮುಟ್ಟುವ ಮೊದಲೇ ತೀರ್ಮಾನವಾಗಿರಬೇಕು. ನಮ್ಮಲ್ಲಿ ಮಳೆಯ ನಂತರ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕಿ ನೀರು ನಿಲ್ಲಿಸುವುದರಿಂದ, ಅವುಗಳನ್ನು ದಾಟಿಸುವ ಆಸೆ ಸಹಜ. ದಯವಿಟ್ಟು ಬೇಡ. ಹಲಗೆ ಹಾಕದ ಕಿಂಡಿಯ ಕಡೆಗೆ ಇರುವ ಸೆಳೆತ ಮೇಲಿನಿಂದ ಕಾಣುವುದಿಲ್ಲ, ದೋಣಿ ಅಡ್ಡವಾಗಿ ಸಿಕ್ಕಿಕೊಂಡರೆ ಬಿಡಿಸುವುದು ಕಷ್ಟ. ತೆಂಗಿನ ತೋಟದ ಬದಿಯ ಯಾವುದಾದರೂ ಇಳಿಜಾರು ದಡದಲ್ಲಿ ಎರಡು ಬಾವುಟ ನೆಟ್ಟು, ನಡುವೆ ನೂರು ಮೀಟರ್ ಓಡಿಸಿದರೆ ಸಾಕು. ಕಾಲಿಗೆ ಶೂ ಕಡ್ಡಾಯವಾಗಿರಲಿ. ಕಲ್ಲಿಗಂಟಿದ ಚಿಪ್ಪುಗಳು ಬ್ಲೇಡಿನಷ್ಟೇ ಹರಿತ.

ಉತ್ತರ, ಕೋಡಿಬೆಂಗ್ರೆಯಿಂದ

ನಮ್ಮ ಮನೆಯವರು ತಲೆಮಾರುಗಳಿಂದ ಇದೇ ಅಳಿವೆಯಲ್ಲಿ ದೋಣಿ ನಡೆಸಿದವರಾದ್ದರಿಂದ ನೀರಿನ ವಿಚಾರವನ್ನಷ್ಟೇ ಹೇಳುತ್ತೇನೆ. ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಸಮುದ್ರ ಸೇರುವ ಕಡೆಗೆ ಇಳಿತದ ಹೊತ್ತಿನಲ್ಲಿ ಹೊಸಬರನ್ನು ಕಳುಹಿಸಲೇಬಾರದು. ಕಲ್ಯಾಣಪುರದಿಂದ ಹೊರಡುವುದಾದರೆ ಉಬ್ಬರ ಏರುತ್ತಿರುವಾಗ ಕೆಳಕ್ಕೆ ಹುಟ್ಟು ಹಾಕಿ, ತಿರುಗುವಾಗ ಅದೇ ನೀರು ಹಿಂದಿನಿಂದ ತಳ್ಳುವಂತೆ ಹೊತ್ತು ಹೊಂದಿಸಿ. ದಣಿದವರನ್ನು ನದಿಯೇ ಮನೆಗೆ ತರಬೇಕು. ಉಬ್ಬರವು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುವುದರಿಂದ, ಹೋದ ಭಾನುವಾರದ ಸಮಯ ಈ ಭಾನುವಾರಕ್ಕೆ ಒದಗುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೆಳೆತ ಹೆಚ್ಚು. ಎದುರು ನೀರಿದ್ದಾಗ ದಡದ ಬದಿಯಲ್ಲಿಯೂ, ಜೊತೆ ನೀರಿದ್ದಾಗ ನಡುಹೊಳೆಯಲ್ಲಿಯೂ ಹೋಗಲು ಹೇಳಿ. ಆದರೆ ಕುದ್ರುಗಳ, ಅಂದರೆ ಹೊಳೆಯ ನಡುವಿನ ದ್ವೀಪಗಳ, ಸುತ್ತ ನೀರು ತೀರಾ ತೆಳುವಾದಲ್ಲಿ ದೋಣಿ ಯಾರೋ ಹಿಂದಕ್ಕೆ ಎಳೆದಂತೆ ಭಾರವಾಗುತ್ತದೆ.

ಬೆಳಿಗ್ಗೆ ಬೇಗ ಆರಂಭಿಸಿ ಹತ್ತು ಗಂಟೆಯೊಳಗೆ ಮುಗಿಸಿ. ಆಮೇಲೆ ಕಡಲ ಗಾಳಿ ಏಳುತ್ತದೆ, ಅಕ್ಟೋಬರ್ ನವೆಂಬರಿನಲ್ಲಿ ಮಧ್ಯಾಹ್ನದ ನಂತರ ಗುಡುಗು ಮಿಂಚೂ ಉಂಟು. ಬಲೆ ಬಿಟ್ಟವರೊಂದಿಗೆ ಹಿಂದಿನ ದಿನವೇ ಮಾತನಾಡಿ. ಲೈಫ್ ಜಾಕೆಟ್ ಇಲ್ಲದವರನ್ನು, ಎಷ್ಟೇ ಈಜು ಬಲ್ಲವರಾದರೂ, ನೀರಿಗೆ ಬಿಡಬೇಡಿ. ದೋಣಿಯ ಎರಡೂ ತುದಿಗಳಲ್ಲಿ ಗಾಳಿ ಚೀಲವಿದ್ದರೆ ಮಗುಚಿದರೂ ಅದು ಮುಳುಗುವುದಿಲ್ಲ. ಮಳೆಗಾಲ ಕಳೆದ ಹೊಸತರಲ್ಲಿ ಇಲಿಜ್ವರದ ಭಯವಿರುವುದರಿಂದ ಗಾಯವಿದ್ದವರು ಅದನ್ನು ಮುಚ್ಚಿಕೊಳ್ಳಲಿ, ಅನಂತರ ಜ್ವರ ಬಂದರೆ ಹೊಳೆಗಿಳಿದ ವಿಷಯವನ್ನು ವೈದ್ಯರಿಗೆ ತಿಳಿಸಲಿ.

ಹೆಸರು ಕೊಟ್ಟ ಮೀನುಗಾರ ಯುವಕರನ್ನು ಹೊಸಬರೆಂದು ಎಣಿಸುವ ಮೊದಲು ಒಮ್ಮೆ ಯೋಚಿಸಿ. ಅವರಿಗೆ ಹೊಸದಾಗಿರುವುದು ಎರಡು ಅಲಗಿನ ಹುಟ್ಟು ಮಾತ್ರ, ಹೊಳೆಯಲ್ಲ. ನಾಡದೋಣಿಗಳಿಗೇ ಒಂದು ವಿಭಾಗ ಇಟ್ಟರೆ ಅವರು ಮನೆಮಂದಿಯೊಂದಿಗೆ ಬರುತ್ತಾರೆ, ದಾರಿಯನ್ನೂ ಅವರೇ ಗುರುತಿಸಿಕೊಡುತ್ತಾರೆ. ದಿನಾಂಕ ನಿಶ್ಚಯವಾದ ಕೂಡಲೇ ಇಲ್ಲಿ ತಿಳಿಸಿದರೆ, ಕಾವಲಿಗೆ ಯಂತ್ರದ ದೋಣಿಯೊಂದನ್ನು ನಮ್ಮ ಕಡೆಯಿಂದ ಕಳುಹಿಸುವ ಬಗ್ಗೆ ಅಣ್ಣನೊಂದಿಗೆ ಮಾತನಾಡುತ್ತೇನೆ.