ಅಸಲು ಹಾಥಾರ್ನ್‌ಗೆ, ಬಡ್ಡಿ ಸಿಡ್ನಿಗೆ?

ಕಂದು-ಹೊನ್ನು:
ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಟಗಾರ ಲ್ಯಾನ್ಸ್ ಫ್ರಾಂಕ್ಲಿನ್ 2023ರ ಜುಲೈ 31ರಂದು ನಿವೃತ್ತಿ ಘೋಷಿಸಿದ ದಿನದಿಂದ ನಮ್ಮ ಬಳಗದಲ್ಲಿ ಹೊಗಳಿಕೆ ನಿಂತೇ ಇಲ್ಲವಾದ್ದರಿಂದ, ಯಾರೂ ಎತ್ತದ ಪ್ರಶ್ನೆಯನ್ನು ನಾನು ಎತ್ತುತ್ತಿದ್ದೇನೆ. ಹೊಸ ಆಟಗಾರರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವ 2004ರ ಡ್ರಾಫ್ಟ್‌ನಲ್ಲಿ ಐದನೆಯ ಆಯ್ಕೆಯಾಗಿ ಮೆಲ್ಬರ್ನ್ ನಗರದ ಹಾಥಾರ್ನ್ ಕ್ಲಬ್‌ಗೆ ಬಂದ ಈ ಆಟಗಾರ ಅಲ್ಲಿ 182 ಪಂದ್ಯಗಳಲ್ಲಿ 580 ಗೋಲು ಹೊಡೆದು, 2008 ಮತ್ತು 2013ರ ಪ್ರೀಮಿಯರ್‌ಶಿಪ್ ಗೆದ್ದ ತಂಡಗಳಲ್ಲಿದ್ದರು. ಆಮೇಲೆ ಒಂಬತ್ತು ವರ್ಷಕ್ಕೆ 1 ಕೋಟಿ ಡಾಲರ್‌ನ ಒಪ್ಪಂದಕ್ಕೆ ಸಹಿ ಹಾಕಿ ಸಿಡ್ನಿ ಸ್ವಾನ್ಸ್‌ಗೆ ಹೋದರು. 2014, 2016 ಮತ್ತು 2022ರ ಗ್ರ್ಯಾಂಡ್ ಫೈನಲ್‌ಗಳಲ್ಲಿ, ಅಂದರೆ ಪ್ರೀಮಿಯರ್‌ಶಿಪ್ ನಿರ್ಧರಿಸುವ ಪಂದ್ಯಗಳಲ್ಲಿ, ಆಡಿ ಮೂರನ್ನೂ ಸೋತರು. ಅಭಿಮಾನಿಗಳು ಅವರನ್ನು ಕರೆಯುವುದು ‘ಬಡ್ಡಿ’ (Buddy) ಎಂದಾದ್ದರಿಂದ ಕನ್ನಡದಲ್ಲಿ ನನ್ನ ಅಭಿಪ್ರಾಯ ಒಂದೇ ಸಾಲಿನಲ್ಲಿ ಮುಗಿಯುತ್ತದೆ: ಅಸಲು ಹಾಥಾರ್ನ್‌ನಲ್ಲೇ ಉಳಿಯಿತು, ಸಿಡ್ನಿಗೆ ಸಿಕ್ಕಿದ್ದು ಬರೀ ಬಡ್ಡಿ.

ಹಂಸಪಕ್ಷ:
“ಬರೀ ಬಡ್ಡಿ” ಎಂದು ತಾವು ಕರೆದದ್ದರ ಮೊತ್ತ 172 ಪಂದ್ಯಗಳಲ್ಲಿ 486 ಗೋಲು. ಲೀಗ್ ಹಂತದಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಸಿಗುವ ಕೋಲ್ಮನ್ ಪದಕ ಅವರಿಗೆ ನಾಲ್ಕು ಬಾರಿ ಬಂದಿತು; ಅವುಗಳಲ್ಲಿ ಎರಡು, ಅಂದರೆ 2014 ಮತ್ತು 2017ರವು, ಸಿಡ್ನಿಯ ಅಂಗಿಯಲ್ಲೇ ಬಂದವು; ಎರಡನೆಯದನ್ನಂತೂ ಲೀಗ್ ಹಂತದ ಕೊನೆಯ ಸುತ್ತಿನಲ್ಲಿ ಕಾರ್ಲ್ಟನ್ ವಿರುದ್ಧ ಹತ್ತು ಗೋಲು ಹೊಡೆದು, ಮುಂದಿದ್ದ ವೆಸ್ಟ್ ಕೋಸ್ಟ್ ಕ್ಲಬ್‌ನ ಜಾಶ್ ಕೆನಡಿಯವರನ್ನು ಹಿಂದಿಕ್ಕಿ ಗೆದ್ದರು. ಸಾವಿರನೆಯ ಗೋಲು ಬಿದ್ದದ್ದೂ ಸಿಡ್ನಿ ಕ್ರಿಕೆಟ್ ಮೈದಾನದಲ್ಲಿ, 2022ರ ಮಾರ್ಚ್ 25ರಂದು, ಜೀಲಾಂಗ್ ವಿರುದ್ಧ. ಅಂದು ಜನ ಮೈದಾನಕ್ಕೆ ನುಗ್ಗಿದ್ದನ್ನು ಕಂಡವರು ಬಡ್ಡಿಯ ಲೆಕ್ಕ ಕೇಳುವುದಿಲ್ಲ.

ಲೆಕ್ಕಿಗ:
ಲೆಕ್ಕ ಕೇಳುವವರು ಇಲ್ಲೊಬ್ಬರಿದ್ದೇವೆ. ಹಾಥಾರ್ನ್‌ನಲ್ಲಿ ಪಂದ್ಯಕ್ಕೆ ಸರಾಸರಿ 3.19 ಗೋಲು, ಸಿಡ್ನಿಯಲ್ಲಿ 2.83. ಇಪ್ಪತ್ತೇಳರಿಂದ ಮೂವತ್ತಾರರವರೆಗಿನ ವಯಸ್ಸಿನಲ್ಲಿ, ಒಂದು ಇಡೀ ವರ್ಷ, ಅಂದರೆ 2020ನ್ನು, ಗಾಯದಿಂದ ಕಳೆದುಕೊಂಡ ಮೇಲೂ ಸರಾಸರಿ ಇಷ್ಟೇ ಇಳಿದದ್ದು ಅಸಾಧಾರಣವಾದದ್ದೆಂದೇ ನನ್ನ ಎಣಿಕೆ.

ಕಂದು-ಹೊನ್ನು:
ಇಳಿದದ್ದನ್ನು ಲೆಕ್ಕಿಗರೂ ಒಪ್ಪಿಕೊಂಡದ್ದಕ್ಕೆ ಧನ್ಯವಾದಗಳು. ಇನ್ನು ಆ ಹಣದ ಮಾತು. ಉಳಿದ ಹೆಚ್ಚಿನ ಕ್ಲಬ್‌ಗಳು ಆಟಗಾರರಿಗೆ ಕೊಡಬಹುದಾದ ಒಟ್ಟು ವೇತನದ ಮಿತಿಯೊಳಗೆ ಹೆಣಗುತ್ತಿದ್ದಾಗ ಸಿಡ್ನಿಗೆ ‘ಜೀವನ ವೆಚ್ಚ ಭತ್ಯೆ’ ಎಂಬ ಹೆಸರಿನಲ್ಲಿ ಮಿತಿಯ ಮೇಲೆ ಶೇಕಡಾ 9.8ರಷ್ಟು ಹೆಚ್ಚುವರಿ ಸಿಗುತ್ತಿತ್ತು. ಆ ಊರುಗೋಲಿಲ್ಲದಿದ್ದರೆ 2012ರಲ್ಲಿ ಕರ್ಟ್ ಟಿಪೆಟ್, ಮರುವರ್ಷವೇ ಫ್ರಾಂಕ್ಲಿನ್ ಎಂದು ಸಾಲುಸಾಲಾಗಿ ಖರೀದಿಸಲು ಅವರಿಂದ ಆಗುತ್ತಿತ್ತೇ?

ಶಾಲಿನಿ ಜಿ.:
“ಊರುಗೋಲು” ಎಂಬ ಪದ ನನಗೆ ಅರ್ಥವಾಗಲಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುವ ಸರ್ಕಾರಿ ನೌಕರನಿಗೆ ನಗರ ಪರಿಹಾರ ಭತ್ಯೆ ಸಿಗುತ್ತದೆ, ತಾಲ್ಲೂಕು ಕೇಂದ್ರದವನಿಗೆ ಸಿಗುವುದಿಲ್ಲ. ಅದನ್ನು ಯಾರಾದರೂ ಊರುಗೋಲು ಎನ್ನುತ್ತಾರೆಯೇ? ಸಿಡ್ನಿಯಲ್ಲಿ ಮನೆ ಬಾಡಿಗೆ ಎಷ್ಟೆಂದು ಹತ್ತು ವರ್ಷದಿಂದ ಕಟ್ಟುತ್ತಿರುವ ನನ್ನನ್ನು ಕೇಳಿ.

ಕಂದು-ಹೊನ್ನು:
ಶಾಲಿನಿಯವರೇ, ವರ್ಷಕ್ಕೆ 11 ಲಕ್ಷ ಡಾಲರ್ ಪಡೆಯುವ ಮನುಷ್ಯನಿಗೆ ಬಾಡಿಗೆಯ ಚಿಂತೆ ಇತ್ತೆಂದು ತಾವು ವಾದಿಸುತ್ತಿದ್ದೀರಾ?

ಶಾಲಿನಿ ಜಿ.:
ಭತ್ಯೆ ಒಬ್ಬ ಆಟಗಾರನಿಗೆ ಕೊಟ್ಟ ಇನಾಮಲ್ಲ, ಪಟ್ಟಿಯಲ್ಲಿದ್ದ ಪ್ರತಿಯೊಬ್ಬರ ವೇತನಕ್ಕೂ ಅದೇ ಪ್ರಮಾಣದಲ್ಲಿ ಸೇರುತ್ತಿತ್ತು. ಹೊಸದಾಗಿ ಬಂದ ಹದಿನೆಂಟರ ಹುಡುಗನಿಗೂ ಸಿಗುತ್ತಿತ್ತು ಎಂಬುದನ್ನು ತಾವು ಬೇಕೆಂದೇ ಬಿಟ್ಟಿದ್ದೀರಿ.

ಕಂದು-ಹೊನ್ನು:
“ಅದೇ ಪ್ರಮಾಣದಲ್ಲಿ” ಎಂಬುದೇ ನನ್ನ ದೂರು. ಶೇಕಡಾವಾರು ಕೊಟ್ಟರೆ ಹೆಚ್ಚು ಪಡೆಯುವವನಿಗೇ ಹೆಚ್ಚು ಹೋಗುತ್ತದೆ. ಅದು ನ್ಯಾಯವಾಗಿದ್ದರೆ ಲೀಗ್ ನಡೆಸುವ ಎಎಫ್ಎಲ್ 2014ರಲ್ಲಿ ಅದನ್ನು ಹಂತಹಂತವಾಗಿ ಕೈಬಿಡಲು ಏಕೆ ತೀರ್ಮಾನಿಸಿತು? ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿಡ್ನಿ ಹೊರಗಿನ ಆಟಗಾರರನ್ನು ತರದಂತೆ ಏಕೆ ನಿರ್ಬಂಧ ಹೇರಿತು?

ಹಂಸಪಕ್ಷ:
ಆ ನಿರ್ಬಂಧ ನಾಚಿಕೆಗೇಡಿನದು. ನಿಯಮವನ್ನು ಬರೆದದ್ದು ಎಎಫ್ಎಲ್, ಒಪ್ಪಂದವನ್ನು ಪರಿಶೀಲಿಸಿ ಅನುಮೋದಿಸಿದ್ದೂ ಎಎಫ್ಎಲ್. ಫ್ರಾಂಕ್ಲಿನ್ ಮಧ್ಯದಲ್ಲಿ ನಿವೃತ್ತರಾದರೂ ಒಂಬತ್ತು ವರ್ಷದ ಪೂರ್ಣ ಮೊತ್ತ ಸಿಡ್ನಿಯ ವೇತನ ಮಿತಿಯಲ್ಲೇ ಲೆಕ್ಕಕ್ಕೆ ಬರಬೇಕೆಂಬ ಷರತ್ತನ್ನೂ ಅದೇ ಹಾಕಿತ್ತು. ಅವರು ಅದೇ ನಗರದ ಇನ್ನೊಂದು ಕ್ಲಬ್ ಗ್ರೇಟರ್ ವೆಸ್ಟರ್ನ್ ಸಿಡ್ನಿಗೆ ಹೋಗುತ್ತಾರೆಂದು ಎಲ್ಲರೂ ನಂಬಿದ್ದಾಗ ಯಾವ ಕ್ಲಬ್‌ನವರೂ ಈ ಭತ್ಯೆಯ ಬಗ್ಗೆ ಇಷ್ಟು ಅತ್ತದ್ದನ್ನು ನಾನು ಕಾಣಲಿಲ್ಲ, ಆ ಕ್ಲಬ್‌ಗೂ ಅದೇ ಭತ್ಯೆ ಇದ್ದರೂ!

ಶಾಲಿನಿ ಜಿ.:
ಭತ್ಯೆಯನ್ನು ಕೈಬಿಟ್ಟ ಮೇಲೆ ಅದರ ಬದಲಿಗೆ ಕಡಿಮೆ ವೇತನದ ಆಟಗಾರರಿಗೆ ಬಾಡಿಗೆ ನೆರವನ್ನು ತಂದರು. ಎಂದರೆ ಸಿಡ್ನಿ ದುಬಾರಿ ಊರೆಂಬ ತತ್ವವನ್ನು ಎಎಫ್ಎಲ್ ಎಂದೂ ಬಿಟ್ಟುಕೊಡಲಿಲ್ಲ.

ಕಂದು-ಹೊನ್ನು:
“ಕಡಿಮೆ ವೇತನದ” ಎಂಬ ಪದವನ್ನು ತಾವೇ ಬರೆದಿದ್ದೀರಿ, ಶಾಲಿನಿಯವರೇ. ನಾನು ಹೇಳುತ್ತಿದ್ದದ್ದೂ ಅದನ್ನೇ.

ಶಾಲಿನಿ ಜಿ.:
ನೀವು ಹೇಳುತ್ತಿದ್ದದ್ದು ಅದನ್ನಲ್ಲ. ಮೇಲೆ ಹೋಗಿ ಓದಿಕೊಳ್ಳಿ.

ಪರ್ತ್ ಪಾಂಡುರಂಗ:
ಹನ್ನೊಂದು ಉತ್ತರಗಳಾದರೂ ಆಟದ ಬಗ್ಗೆ ಬಂದ ಮಾತು ಎರಡೇ. ಪಶ್ಚಿಮ ಆಸ್ಟ್ರೇಲಿಯದ ಡೌವರಿನ್ ಎಂಬ ಸಣ್ಣ ಊರಿನಲ್ಲಿ ಬೆಳೆದ, ನೂಂಗಾರ್ ಮೂಲದ ಈ ಹುಡುಗ 2008ರಲ್ಲಿ ಒಂದೇ ವರ್ಷ 113 ಗೋಲು ಹೊಡೆದು, ನೂರು ಮುಟ್ಟಿದ ಮೊದಲ ಆದಿವಾಸಿ ಆಟಗಾರನಾದ. ಅದೇ ವರ್ಷ ಕಾರ್ಲ್ಟನ್‌ನ ಬ್ರೆಂಡನ್ ಫೆವೋಲಾ 99ಕ್ಕೆ ನಿಂತುಬಿಟ್ಟರು. ಆಮೇಲೆ ಯಾರೂ ನೂರು ಮುಟ್ಟಿಲ್ಲ. ಎಡಗಾಲಿನ ಈ ಆಟಗಾರ ನೇರವಾಗಿ ಓಡಿ ಬರದೆ ಬಿಲ್ಲಿನಂತೆ ಬಾಗಿ ಬಂದು ಒದೆಯುತ್ತಿದ್ದ ರೀತಿ, ಆರೂವರೆ ಅಡಿ ಎತ್ತರದವನಾಗಿಯೂ ಅಂಚಿನ ಗೆರೆಯ ಪಕ್ಕದಲ್ಲಿ ಚೆಂಡನ್ನು ಪುಟಿಸುತ್ತ ಎಲ್ಲರನ್ನೂ ಹಿಂದೆ ಬಿಟ್ಟು ಓಡುತ್ತಿದ್ದದ್ದು, ಇವುಗಳ ಮುಂದೆ ಭತ್ಯೆ ಯಾವ ಲೆಕ್ಕ? ಹಣಕ್ಕಾಗಿ ಹೋದರೆಂಬುದೇ ಆಕ್ಷೇಪವಾದರೆ, 2014ರ ಕೊನೆಯಲ್ಲಿ ಜೇಮ್ಸ್ ಫ್ರಾಲಿಯವರನ್ನು ಮೆಲ್ಬರ್ನ್ ಕ್ಲಬ್‌ನಿಂದ ಫ್ರಾಂಕ್ಲಿನ್ ಸಿಡ್ನಿಗೆ ಹೋದ ಅದೇ ಫ್ರೀ ಏಜೆನ್ಸಿ (ಒಪ್ಪಂದ ಮುಗಿದ ಆಟಗಾರ ಬೇರೆ ಕ್ಲಬ್ ಸೇರಬಹುದಾದ) ನಿಯಮದಡಿ ತಂದು 2015ರ ಪ್ರೀಮಿಯರ್‌ಶಿಪ್ ಗೆದ್ದದ್ದು ಹಾಥಾರ್ನ್ ಅಲ್ಲವೇ?

ಕಂದು-ಹೊನ್ನು:
ಪಾಂಡುರಂಗರೇ, ಬಾಗಿ ಬಂದು ಒದ್ದದ್ದರಿಂದ ಎಷ್ಟು ಗೋಲುಗಳು ಬಿಹೈಂಡ್‌ಗಳಾದವೆಂಬುದನ್ನೂ ಬರೆಯಬೇಕಿತ್ತು. ಆರು ಅಂಕದ ಜಾಗದಲ್ಲಿ ಒಂದು ಅಂಕ ತಂದ ಒದೆಗಳು ಕಡಿಮೆಯೇನಲ್ಲ. 2015ರ ಮಾತು ಬಂದದ್ದರಿಂದ ನೆನಪಿಸುತ್ತೇನೆ: ಫ್ರಾಂಕ್ಲಿನ್ ಹೋದ ಮೇಲೆ ಹಾಥಾರ್ನ್ 2014 ಮತ್ತು 2015ರಲ್ಲಿ ಎರಡು ಬಾರಿ ಗೆದ್ದಿತು. 2013ರ ಗ್ರ್ಯಾಂಡ್ ಫೈನಲ್‌ನಲ್ಲೂ ನಾಲ್ಕು ಗೋಲು ಹೊಡೆದು ಗೆಲ್ಲಿಸಿದ್ದು ಜ್ಯಾಕ್ ಗನ್‌ಸ್ಟನ್. ಸಿಡ್ನಿಯ ಫ್ರಾಂಕ್ಲಿನ್ ಆದರೋ 2015ರಲ್ಲಿ ಲೀಗ್ ಹಂತದ ನಂತರದ ಫೈನಲ್ಸ್‌ಗೆ ತಂಡವನ್ನು ನಡುನೀರಿನಲ್ಲಿ ಬಿಟ್ಟರು.

ಹಂಸಪಕ್ಷ:
ಈ ಕೊನೆಯ ವಾಕ್ಯವನ್ನು ತಾವು ಅಳಿಸುವುದು ಒಳ್ಳೆಯದು. 2015ರಲ್ಲಿ ಅವರು ಹೊರಗುಳಿದದ್ದು ಮಾನಸಿಕ ಆರೋಗ್ಯದ ಕಾರಣದಿಂದ, ಅದನ್ನು ಕ್ಲಬ್ ಬಹಿರಂಗವಾಗಿಯೇ ಹೇಳಿತ್ತು. ಕಾಲು ಮುರಿದುಕೊಂಡವನನ್ನು ತಂಡವನ್ನು ಬಿಟ್ಟುಹೋದವನೆಂದು ಯಾರೂ ಕರೆಯುವುದಿಲ್ಲ. ಮನಸ್ಸು ನೊಂದವನನ್ನು ಮಾತ್ರ ತಾವು ಕರೆಯುತ್ತೀರಿ. ಅಭಿಮಾನಕ್ಕೂ ಒಂದು ಮಿತಿ ಇರಲಿ. ಈ ವಿಷಯದಲ್ಲಿ ತಮ್ಮೊಂದಿಗೆ ಸಭ್ಯವಾಗಿ ಮಾತನಾಡುವ ತಾಳ್ಮೆ ನನಗಿಲ್ಲ.

ಕಂದು-ಹೊನ್ನು:
ಆ ವಾಕ್ಯದ ಪದಗಳು ಸರಿಯಿರಲಿಲ್ಲ, ಅಳಿಸುವ ಸೌಲಭ್ಯ ಇಲ್ಲಿಲ್ಲ. ಆದರೆ “ಮಿತಿ” ಎಂದಿರಲ್ಲ, ಆ ಪದವನ್ನು ಸಿಡ್ನಿಯವರ ಬಾಯಿಂದ ಕೇಳುವುದು ಸ್ವಾರಸ್ಯಕರ.

ಲೆಕ್ಕಿಗ:
ಸಾರ್ವಕಾಲಿಕ ಪಟ್ಟಿಯನ್ನು ಒಮ್ಮೆ ನೋಡಿ: ಟೋನಿ ಲಾಕೆಟ್ 1360, ಗಾರ್ಡನ್ ಕಾವೆಂಟ್ರಿ 1299, ಜೇಸನ್ ಡನ್‌ಸ್ಟಲ್ 1254, ನಂತರ ಫ್ರಾಂಕ್ಲಿನ್ 1066. ಸಾವಿರ ದಾಟಿದವರೇ ಆರು ಮಂದಿ. ಆ 486 ಇಲ್ಲದಿದ್ದರೆ ಅವರು ಈ ಪಟ್ಟಿಯ ಹತ್ತಿರವೂ ಇರುತ್ತಿರಲಿಲ್ಲ.

ಕಂದು-ಹೊನ್ನು:
ಡನ್‌ಸ್ಟಲ್ ಆ 1254ನ್ನೂ ಹೊಡೆದದ್ದು ಒಂದೇ ಕ್ಲಬ್‌ಗೆ. ಅದು ಯಾವ ಕ್ಲಬ್ ಎಂದು ಲೆಕ್ಕಿಗರು ಬರೆಯಲು ಮರೆತರು. ಗ್ರ್ಯಾಂಡ್ ಫೈನಲ್‌ಗಳ ಅಂತರವನ್ನೂ ಮರೆತರು: 2014ರಲ್ಲಿ 63 ಅಂಕ, 2016ರಲ್ಲಿ 22, 2022ರಲ್ಲಿ 81.

ಹಂಸಪಕ್ಷ:
2014ರ ಆ ಸೋಲಿನಲ್ಲೂ ನಾಲ್ಕು ಗೋಲು ಹೊಡೆದವರು ಫ್ರಾಂಕ್ಲಿನ್. ಒಬ್ಬನೇ ಹದಿನೆಂಟು ಜಾಗದಲ್ಲಿ ಆಡಲಾಗುವುದಿಲ್ಲ.

ಪರ್ತ್ ಪಾಂಡುರಂಗ:
ಫ್ರಾಲಿಯವರ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ.

ಕಂದು-ಹೊನ್ನು:
ಫ್ರಾಲಿಯವರಿಗೆ ಯಾರೂ ಶೇಕಡಾ 9.8ರ ಭತ್ಯೆ ಕೊಟ್ಟಿರಲಿಲ್ಲ.

ಶಾಲಿನಿ ಜಿ.:
ಮತ್ತೆ ಅಲ್ಲಿಗೇ ಬಂದಿರಾ? ಹಾಗಾದರೆ ಹೇಳಿ: ಮೆಲ್ಬರ್ನ್‌ನ ಬಾಡಿಗೆಗೂ ಸಿಡ್ನಿಯ ಬಾಡಿಗೆಗೂ ವ್ಯತ್ಯಾಸವಿದೆಯೋ ಇಲ್ಲವೋ?